ರಾಡಿನ ತುದಿಗೆ ಸಲ್ಲದ ರಿಯಾಯಿತಿ

ಬಾಯ್ಲರ್ ಪೈಪುಗಳ ಬೆಸುಗೆಗೆ ಬೇಕಾಗುವ ಕಡಿಮೆ ಮಿಶ್ರಲೋಹದ ಉಕ್ಕಿನ ರಾಡುಗಳಿಗೆ ನಮ್ಮಲ್ಲಿ ಐಎಸ್ 1395 ಇದೆ. ಆದರೂ ಖರೀದಿ ಪತ್ರಗಳಲ್ಲಿ ಇ8018-ಬಿ2ರಂಥ ಹೆಸರುಗಳು ಸಾಮಾನ್ಯ. ಅವು ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಎ5.5 ಮಾನಕದವು. ಅದರ ಬಲ ಮತ್ತು ರಾಸಾಯನಿಕ ಪಟ್ಟಿಗಳನ್ನು ಎಂಜಿನಿಯರುಗಳು ಆಸ್ಥೆಯಿಂದ ಓದುತ್ತಾರೆ. ಗಾತ್ರ, ಆಕಾರದ ನಿಯಮಗಳಿಗೆ ಅಷ್ಟು ಗಮನ ಸಿಗುವುದಿಲ್ಲ. ವೆಲ್ಡರ್ ಕೈಯಲ್ಲಿ ದಿನವಿಡೀ ಇರುವುದು ಆ ನಿಯಮಗಳ ಫಲವೇ.

ಇವುಗಳಲ್ಲಿ ಅತ್ಯುತ್ತಮವಾದದ್ದು ಹೊದಿಕೆಯ ಸಮತೆಯ ನಿಯಮ. ರಾಡಿನ ಒಳತಂತಿಯ ವ್ಯಾಸಕ್ಕೆ ಒಂದು ಬದಿಯ ಹೊದಿಕೆಯನ್ನು ಸೇರಿಸಿ ಅಳೆಯಬೇಕು. ಹಾಗೆ ಸಿಕ್ಕ ಗರಿಷ್ಠ, ಕನಿಷ್ಠ ಅಳತೆಗಳ ಅಂತರ 3.2 ಮತ್ತು 4 ಮಿ.ಮೀ. ರಾಡುಗಳಲ್ಲಿ ಸರಾಸರಿಯ ಶೇ. 5ನ್ನು ಮೀರಬಾರದು, 2.5 ಮಿ.ಮೀ. ರಾಡಿಗೆ ಮಿತಿ ಶೇ. 7. 3.2ರ ತಂತಿಯ ಮೇಲೆ 1.2 ಮಿ.ಮೀ. ಹೊದಿಕೆ ಇದೆಯೆನ್ನಿ: ಶೇ. 5 ಎಂದರೆ 0.22 ಮಿ.ಮೀ. ಕಣ್ಣಿಗೆ ಕಾಣದ ಈ ಅಂತರ ಆರ್ಕಿಗೆ ಗೊತ್ತಾಗುತ್ತದೆ. ದಪ್ಪ ಬದಿ ನಿಧಾನವಾಗಿ ಕರಗಿ ಉಗುರಿನಂತೆ ಉಳಿಯುತ್ತದೆ, ಆರ್ಕ್ ಪಕ್ಕಕ್ಕೆ ವಾಲುತ್ತದೆ. ಇಂಥ ರಾಡುಗಳಲ್ಲಿ ಒಳತಂತಿ ಎಷ್ಟೋ ಸಲ ಸಾದಾ ಉಕ್ಕು. ಕ್ರೋಮಿಯಂ, ಮಾಲಿಬ್ಡಿನಂ ಬರುವುದು ಹೊದಿಕೆಯ ಫ್ಲಕ್ಸಿನಿಂದ. ಆದರೂ ಹೊದಿಕೆಯ ಒಟ್ಟು ದಪ್ಪವನ್ನು ಮಾನಕ ತಯಾರಕರಿಗೇ ಬಿಟ್ಟು, ಕರಗಿ ಬಿದ್ದ ಲೋಹವನ್ನು ಪರೀಕ್ಷಿಸುತ್ತದೆ. ಆ ತೀರ್ಮಾನ ಸರಿಯಾದದ್ದೇ.

ಗುರುತು ಮುದ್ರಿಸುವ ನಿಯಮವೂ ಮೆಚ್ಚುವಂಥದ್ದು. ಹೋಲ್ಡರ್ ಹಿಡಿಯುವ ತುದಿಯಿಂದ 65 ಮಿ.ಮೀ. ಒಳಗೇ ದರ್ಜೆಯ ಹೆಸರು ಇರಬೇಕು. ಮುಕ್ಕಾಲುಪಾಲು ಉರಿದ ಮೇಲೂ ಕೈಯಲ್ಲಿರುವುದು ಬಿ2 ರಾಡೋ ಬಿ3 ರಾಡೋ ಎಂದು ಹೇಳಬಹುದು. ಎರಡೂ ಬೆರೆತುಹೋಗುವ ಸೈಟಿನಲ್ಲಿ ಇದು ದೊಡ್ಡ ರಕ್ಷಣೆ. ಉದ್ದದ ನಿಯಮಗಳಲ್ಲಿ ವಿಶೇಷವೇನಿಲ್ಲ.

ನನ್ನ ತಕರಾರು ಆರ್ಕ್ ಹಚ್ಚುವ ತುದಿಯ ಬಗ್ಗೆ. ಇ8018-ಬಿ2ರಂಥ ಲೋ ಹೈಡ್ರೋಜನ್ ರಾಡಿನಲ್ಲಿ ಪೂರ್ಣ ಹೊದಿಕೆ ತುದಿಯಿಂದ 1.6 ಮಿ.ಮೀ. ಅಥವಾ ತಂತಿಯ ಅರ್ಧ ವ್ಯಾಸ, ಯಾವುದು ಕಡಿಮೆಯೋ ಅಷ್ಟರೊಳಗೆ ಶುರುವಾಗಬೇಕು. ಈ ಬಿಗಿಗೆ ಕಾರಣವಿದೆ: ಆರ್ಕ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಲೋಹಕ್ಕೆ ರಕ್ಷಣೆ ಸಾಲದಿದ್ದರೆ ಬೆಸುಗೆಯ ಆರಂಭದಲ್ಲೇ ರಂಧ್ರಗಳು ಬೀಳುತ್ತವೆ. ಆದರೆ ಅದೇ ಮಾನಕ ಚಕ್ಕೆ ಎದ್ದ ಹೊದಿಕೆಗೆ ಉದಾರವಾಗಿದೆ. ಸುತ್ತಳತೆಯ ಅರ್ಧಕ್ಕಿಂತ ಹೆಚ್ಚು ಬಯಲಾಗದಿದ್ದರೆ ಸಾಕು, ಸುಮಾರು 6 ಮಿ.ಮೀ. ಅಥವಾ ವ್ಯಾಸದ ಎರಡರಷ್ಟು, ಯಾವುದು ಕಡಿಮೆಯೋ ಅಷ್ಟು ದೂರ ತಂತಿ ಬರಿದಾಗಿದ್ದರೂ ರಾಡು ಪಾಸು. ಕಾರ್ಖಾನೆಯ ತುದಿಗೆ 1.6, ಡಬ್ಬಿಯಲ್ಲಿ ಏಟು ತಿಂದ ತುದಿಗೆ 6! ಅರ್ಧ ಬೋಳಾದ ತುದಿಯಲ್ಲಿ ರಕ್ಷಣೆ ಒಂದೇ ಬದಿಗೆ. ಸಾದಾ ಉಕ್ಕಿನ ಎ5.1 ಮಾನಕದಲ್ಲಿರುವುದೂ ಇದೇ ರಿಯಾಯಿತಿ. ಬಿರುಕಿಗೆ ಬೇಗ ತುತ್ತಾಗುವ ಕ್ರೋಮ್-ಮಾಲಿ ಉಕ್ಕಿಗೂ ಅದನ್ನೇ ಅನ್ವಯಿಸುವುದನ್ನು ನಾನು ಒಪ್ಪಲಾರೆ. ಲೋ ಹೈಡ್ರೋಜನ್ ದರ್ಜೆಗಳಿಗೆ ಚಕ್ಕೆಯ ಮಿತಿಯನ್ನೂ 1.6ಕ್ಕೇ ಇಳಿಸಬೇಕು. ಅಲ್ಲಿಯವರೆಗೆ ಖರೀದಿದಾರರು ತಮ್ಮ ಪತ್ರದಲ್ಲೇ ಆ ಷರತ್ತನ್ನು ಸೇರಿಸಿಕೊಳ್ಳಬೇಕು.