ಅಜ್ಜನ ತಟ್ಟೆಯಲ್ಲಿ ಕಾಳೆಲ್ಲಿ?

ಬಸ್ಸಾರು ಮಾಡಿದ ರಾತ್ರಿ ಮನೆಯ ಹಿರಿಯರ ತಟ್ಟೆಯನ್ನು ಒಮ್ಮೆ ನೋಡಿ. ಮುದ್ದೆ ಖಾಲಿ, ಸಾರು ಖಾಲಿ. ಪಕ್ಕದಲ್ಲಿ ಬಡಿಸಿದ ಕಾಳು-ಸೊಪ್ಪಿನ ಪಲ್ಯ ಮಾತ್ರ ಹಾಗೇ ಗುಡ್ಡೆಯಾಗಿ ಕೂತಿರುತ್ತದೆ. ‘ಹಲ್ಲಿಗೆ ಆಗಲ್ಲ ಕಣಮ್ಮ, ರಾತ್ರಿ ಹೊತ್ತು ಅಷ್ಟೆಲ್ಲ ಯಾಕೆ’ ಎಂಬ ಮಾತು ಬೇರೆ. ಬಸ್ಸಾರಿನ ರುಚಿಯೆಲ್ಲ ಕಟ್ಟಿನಲ್ಲಿದೆ, ಒಪ್ಪಿದೆ. ಆದರೆ ಎಪ್ಪತ್ತು ದಾಟಿದ ಮೈಗೆ ಬೇಕಾದ ಸತ್ವದ ಹೆಚ್ಚಿನ ಪಾಲು ಆ ಗುಡ್ಡೆಯಲ್ಲೇ ಉಳಿದುಹೋಗುತ್ತದೆ.

ವಯಸ್ಸಾದಂತೆ ರಾತ್ರಿಯೂಟ ಹಗುರವಾಗಬೇಕು ಎಂದು ನಂಬಿದ ನಾಡು ನಮ್ಮದು. ಹಗುರ ಎಂದರೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಎರಡು ಬಿಸ್ಕತ್ತು. ಹೊಟ್ಟೆಗೇನೋ ಇದು ಹಗುರವೇ. ಆದರೆ ಸ್ನಾಯುವಿಗೆ ಉಪವಾಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೇಳುವ ಲೆಕ್ಕದಲ್ಲಿ ವಯಸ್ಕರಿಗೆ ದಿನಕ್ಕೆ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ವೃದ್ಧಾಪ್ಯದ ಆಹಾರವನ್ನೇ ವಿಚಾರಿಸಿದ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು 2013ರಲ್ಲಿ, 65 ದಾಟಿದವರಿಗೆ ಇದು 1ರಿಂದ 1.2 ಗ್ರಾಂ ಇರಲಿ ಎಂದಿತು. ಮುದಿ ಸ್ನಾಯು ತಿಂದ ಪ್ರೋಟೀನನ್ನು ಎಳೆಯ ಸ್ನಾಯುವಿನಷ್ಟು ಚೆನ್ನಾಗಿ ಬಳಸಿಕೊಳ್ಳುವುದಿಲ್ಲ ಎಂಬುದು ಇದಕ್ಕೆ ಕಾರಣ. ಅಂದರೆ 60 ಕೆ.ಜಿ. ತೂಗುವ ಅಜ್ಜನಿಗೆ 60ರಿಂದ 72 ಗ್ರಾಂ. ಲೋಟ ಹಾಲಿನಲ್ಲಿ ಸಿಗುವುದು ಐದಾರು ಗ್ರಾಂ ಅಷ್ಟೇ. (ಮೂತ್ರಪಿಂಡದ ತೊಂದರೆ ಇರುವವರ ಲೆಕ್ಕ ಬೇರೆ, ಅವರು ವೈದ್ಯರ ಮಾತು ಕೇಳಲಿ, ಅಂಕಣಕಾರನ ಮಾತನ್ನಲ್ಲ.)

ಹಾಗೆ ನೋಡಿದರೆ ಹಲ್ಲಿಲ್ಲದವರಿಗೆ ಮುದ್ದೆಯಂಥ ಊಟ ಇನ್ನೊಂದಿಲ್ಲ. ಅದನ್ನು ಅಗಿಯುವಂತೆಯೇ ಇಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, ಏಳು ಗ್ರಾಂ ಪ್ರೋಟೀನ್. ಬೇಯಿಸುವ ಮುಂಚಿನ ಒಂದು ಹಿಡಿ ಹುರುಳಿಯೋ ಅಲಸಂದೆಯೋ ಸೇರಿದರೆ ಇನ್ನೂ ಆರೇಳು ಗ್ರಾಂ. ತೊಡಕಿರುವುದು ಕಾಳನ್ನು ಅಗಿಯುವುದರಲ್ಲಿ. ಬಸ್ಸಾರಿನ ಖಾರ ರುಬ್ಬುವಾಗ ಬೆಂದ ಕಾಳು ಒಂದು ಚಮಚ ಹಾಕುವುದು ವಾಡಿಕೆ. ಅಜ್ಜನ ಪಾಲಿನ ಸಾರಿಗೆ ಎರಡು ಹಿಡಿ ಹಾಕಿ. ಸಾರು ಗಟ್ಟಿಯಾಗುತ್ತದೆ, ಬಸ್ಸಾರು ಹೀಗಿರಬಾರದು ಎಂದು ಬಲ್ಲವರು ಮೂಗು ಮುರಿಯುತ್ತಾರೆ. ನಾನೂ ಮುರಿಯುವವನೇ. ಅದಕ್ಕೇ ವಾರಕ್ಕೆ ಮೂರು ರಾತ್ರಿಯಾದರೂ ಬಸ್ಸಾರಿಗೆ ರಜೆ ಕೊಟ್ಟು ಮಸ್ಸೊಪ್ಪು ಮಾಡಿ ಎನ್ನುತ್ತೇನೆ. ತೊಗರಿಬೇಳೆ, ದಂಟು, ಕೀರೆ, ಒಂದಿಷ್ಟು ಸಬ್ಬಸಿಗೆ, ಟೊಮೆಟೊ, ಹಸಿಮೆಣಸು ಎಲ್ಲ ಒಟ್ಟಿಗೆ ಬೆಂದ ಮೇಲೆ ಮಿಕ್ಸಿಗೆ ಹಾಕಬೇಡಿ, ನೊರೆ ಬಂದು ಸೊಪ್ಪಿನ ಗುಣ ಕೆಡುತ್ತದೆ. ಮರದ ಕಡೆಗೋಲಿನಲ್ಲಿ ಮಸೆಯಿರಿ. ಬೇಳೆ ಕರಗಿ, ಸೊಪ್ಪಿನ ಎಳೆ ಅಲ್ಲಲ್ಲಿ ಉಳಿಯಬೇಕು. ಮೇಲೆ ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಬಸಿಯುವುದೇ ಇಲ್ಲವಾದ್ದರಿಂದ ಬಿಟ್ಟೇಳಲು ಏನೂ ಉಳಿಯುವುದಿಲ್ಲ.

ತಿಂದದ್ದು ಮೈಗೆ ಹತ್ತಬೇಕಾದರೆ ನಿದ್ದೆಯೂ ನೆಟ್ಟಗಿರಬೇಕು. ಆಸ್ಟ್ರೇಲಿಯಾದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಒಂದು ಪುಟ್ಟ ಅಧ್ಯಯನದಲ್ಲಿ, ಒಂದೇ ರಾತ್ರಿ ನಿದ್ದೆಗೆಟ್ಟ 13 ಯುವಜನರ ಸ್ನಾಯು ಕಟ್ಟುವ ಕೆಲಸ ಶೇ 18ರಷ್ಟು ಇಳಿದಿತ್ತು. ಪ್ರಾಯದವರ ಪಾಡೇ ಹೀಗೆ. 65ರ ನಂತರ ಏಳೆಂಟು ಗಂಟೆ ನಿದ್ದೆ ಬೇಕು ಎನ್ನುತ್ತಾರೆ. ಗಾಢನಿದ್ದೆ ವಯಸ್ಸಿನೊಂದಿಗೆ ಕಡಿಮೆಯಾಗುವುದು, ಮೈಯ ಗಡಿಯಾರ ಮುಂದಕ್ಕೆ ಸರಿದು ಸಂಜೆಯೇ ತೂಕಡಿಕೆ ಬರುವುದು ಸಹಜ. ಎಂಟೂವರೆಗೆ ಮಲಗಿ ಮೂರೂವರೆಗೆ ಎದ್ದವರು ‘ರಾತ್ರಿಯೆಲ್ಲ ನಿದ್ದೆಯೇ ಇಲ್ಲ’ ಎಂದರೆ ನಂಬಬೇಡಿ, ಏಳು ಗಂಟೆ ಆಗಿದೆ.

ನಮ್ಮ ಮನೆಗಳಲ್ಲಿ ನಿದ್ದೆ ಕೆಡಿಸುವ ಮೊದಲ ಸಂಗತಿ ಊಟದ ಹೊತ್ತು. ಧಾರಾವಾಹಿ ಮುಗಿಯಬೇಕು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಮಗ ಬರಬೇಕು. ಅಷ್ಟು ಹೊತ್ತಿಗೆ ಒಂಬತ್ತೂವರೆ. ಉಂಡವರೇ ಹಾಸಿಗೆಗೆ ಹೋದರೆ ಹುಳಿತೇಗು, ಎದೆಯುರಿ. ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಊಟ ಮುಗಿದಿರಬೇಕು. ಹಿರಿಯರು ಏಳಕ್ಕೇ ಉಣ್ಣಲಿ, ಎಚ್ಚರವಿದ್ದರೆ ಮಗ ಉಣ್ಣುವಾಗ ಎದುರು ಕೂತು ಮಾತಾಡಲಿ. ಒಟ್ಟಿಗೆ ಊಟ ಮಾಡುವುದರ ಸುಖ ನನಗೂ ಗೊತ್ತು, ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಎರಡನೆಯದು ಉಪ್ಪು. ರಾತ್ರಿ ಮೂರು ಮೂರು ಸಲ ಎದ್ದು ಬಚ್ಚಲಿಗೆ ಹೋಗುವವರು ನೀರನ್ನೇ ಬೈಯುತ್ತಾರೆ. ಜಪಾನಿನ ನಾಗಸಾಕಿಯ ವೈದ್ಯರು 2017ರಲ್ಲಿ ವರದಿ ಮಾಡಿದ್ದು ಕುತೂಹಲಕರ: ದಿನದ ಉಪ್ಪನ್ನು 10.7 ಗ್ರಾಂನಿಂದ 8 ಗ್ರಾಂಗೆ ಇಳಿಸಿಕೊಂಡವರು ರಾತ್ರಿ ಏಳುವುದು ಸರಾಸರಿ 2.3 ಸಲದಿಂದ 1.4ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದಂತೂ ಐದು ಗ್ರಾಂಗಿಂತ ಕಡಿಮೆ. ನಾಲಿಗೆ ಮಂದವಾದ ಹಿರಿಯರು ಉಪ್ಪಿನಕಾಯಿ, ಬಾಳಕ, ಸಂಡಿಗೆಗೆ ಕೈ ಚಾಚುವುದು ರುಚಿ ಹತ್ತದೆ. ಅವರ ಸಾರಿಗೆ ಹುಳಿ, ಬೆಳ್ಳುಳ್ಳಿ, ಹುರಿದ ಜೀರಿಗೆಯನ್ನು ಒಂದು ಕೈ ಮುಂದೆ ಮಾಡಿದರೆ ಉಪ್ಪಿನ ಆಸೆ ಎಷ್ಟೋ ಇಳಿಯುತ್ತದೆ.

ಇನ್ನು ಕಾಫಿ. ಇದರ ತಂಟೆಗೆ ಹೋಗುವುದು ಅಪಾಯ. 150 ಮಿ.ಲೀ. ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ, ಅದರ ಅರ್ಧ ಮೈಯಿಂದ ಹೊರಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಲೋಟದ ಅರ್ಧ ಪಾಲು ರಾತ್ರಿ ಹತ್ತಕ್ಕೂ ಒಳಗೇ ಕೂತಿರುತ್ತದೆ. ಕೊನೆಯ ಕಾಫಿ ಮಧ್ಯಾಹ್ನ ಎರಡಕ್ಕೆ ಮುಗಿಯಲಿ ಎಂದರೆ ಯಾವ ಅಜ್ಜಿಯೂ ಒಪ್ಪಲಾರರು. ಒಪ್ಪದವರು ಪುಡಿ ಅಂಗಡಿಯಲ್ಲಿ ಎರಡು ಪೊಟ್ಟಣ ಕೇಳಿ. ಬೆಳಗಿನದು ನಿಮ್ಮ ಮಾಮೂಲಿ ಪುಡಿ. ಸಂಜೆಯದಕ್ಕೆ ರೊಬಸ್ಟಾ ಬೇಡ, ಅದರಲ್ಲಿ ಅರೇಬಿಕಾದ ಹತ್ತಿರ ಹತ್ತಿರ ಎರಡರಷ್ಟು ಕೆಫೀನ್. ಅರೇಬಿಕಾಕ್ಕೆ ಚಿಕೋರಿಯನ್ನು ಧಾರಾಳವಾಗಿ ಬೆರೆಸಲು ಹೇಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ, ಶೇ 49ರವರೆಗೆ ಬೆರೆಸಲು ಕಾನೂನಿನ ಒಪ್ಪಿಗೆಯೂ ಇದೆ. ಚಿಕೋರಿಯನ್ನು ಜನ್ಮವೆಲ್ಲ ಹೀಗಳೆದ ನಾನೇ ಇದನ್ನು ಬರೆಯುತ್ತಿದ್ದೇನೆ. ಸಂಜೆಯ ಲೋಟಕ್ಕಷ್ಟೇ ಈ ರಿಯಾಯಿತಿ.