ಕಿರುಸಭೆಯೂ ಬ್ಲೂಸ್ ಗಾನವೂ

ಇಂಗ್ಲೆಂಡಿನ ಸಣ್ಣ ಊರುಗಳ ಸಮುದಾಯ ಭವನಗಳಲ್ಲಿ, ಬರುವ ಶನಿವಾರ ಇಂಥ ಬ್ಲೂಸ್ ರಾಕ್ ಮೇಳದ ಕಛೇರಿಯುಂಟೆಂಬ ಪ್ರಕಟಣೆಗಳು ಇಂದಿಗೂ ಕಾಣಸಿಗುತ್ತವೆ. ನೂರಿನ್ನೂರು ಜನ ಹಿಡಿಸುವ ಕೊಠಡಿ. ಒಂದೆರಡು ವಿದ್ಯುತ್ ಗಿಟಾರು, ಒಂದು ಮೌತ್ ಆರ್ಗನ್ನು, ಡ್ರಮ್ಮು. ಹಾಡುವವರಲ್ಲಿ ಹಲವರು ಹಗಲೆಲ್ಲ ಬೇರೆ ಕಸುಬಿನವರು. ಒಂದು ಕಾಲಕ್ಕೆ ಕ್ರೀಡಾಂಗಣಗಳನ್ನು ತುಂಬಿಸಿದ ಸಂಗೀತ ಇಷ್ಟಕ್ಕೆ ಇಳಿಯಿತಲ್ಲಾ ಎಂದು ಮರುಗುವ ರಸಿಕರುಂಟು. ಅವರ ಮರುಕವನ್ನು ನಾವು ಒಪ್ಪಲಾರೆವು. ಆ ಸಂಗೀತ ತನ್ನ ಮನೆಗೆ ಮರಳಿದೆಯೆಂದೇ ನಾವು ತಿಳಿಯುತ್ತೇವೆ. ಹೀಗೆ ತಿಳಿಯುವುದಕ್ಕೆ ಆಧಾರವೇನೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬ್ಲೂಸ್ ಎಂಬುದು ಅಮೆರಿಕೆಯ ದಕ್ಷಿಣ ಪ್ರಾಂತಗಳ ಕರಿಯ ಜನರ ಹಾಡು. ಅದರಲ್ಲಿಯೂ ಮಿಸಿಸಿಪಿಯ ಹತ್ತಿಯ ಹೊಲಗಳಲ್ಲಿ ದುಡಿದವರ ಹಾಡು. 1912ರಲ್ಲಿ ಡಬ್ಲ್ಯು. ಸಿ. ಹ್ಯಾಂಡಿಯ ‘ಮೆಂಫಿಸ್ ಬ್ಲೂಸ್’ ಅಚ್ಚಾಯಿತು. 1920ರಲ್ಲಿ ಮೇಮಿ ಸ್ಮಿತ್ ಹಾಡಿದ ‘ಕ್ರೇಜಿ ಬ್ಲೂಸ್’ ಧ್ವನಿಮುದ್ರಿಕೆಯಾಗಿ ಹೊರಬಂದಿತು. ಇದರ ಕಟ್ಟು ಬಹು ಸರಳವಾದುದು. ಒಂದು ಸಾಲನ್ನು ಹಾಡಿ, ಅದನ್ನೇ ಮತ್ತೊಮ್ಮೆ ಹೇಳಿ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುವುದು; ಸಾಲಿಗೆ ನಾಲ್ಕರಂತೆ ಒಟ್ಟು ಹನ್ನೆರಡು ತಾಳಖಂಡಗಳು. ಗಾಂಧಾರ ನಿಷಾದಗಳು ಕೋಮಲಕ್ಕೂ ಶುದ್ಧಕ್ಕೂ ನಡುವೆ ತೂಗಾಡುತ್ತವೆ. ಆದರೆ ಇದರ ಜೀವವಿರುವುದು ಬೇರೊಂದು ಕಡೆ. ಪ್ರತಿಯೊಂದು ಸಾಲಿಗೆ ಮೀಸಲಾದ ನಾಲ್ಕು ಖಂಡಗಳಲ್ಲಿ ಕಂಠ ಸುಮಾರು ಎರಡನ್ನು ತುಂಬಿ ನಿಲ್ಲುತ್ತದೆ; ಉಳಿದ ತೆರಪಿನಲ್ಲಿ ವಾದ್ಯ ಮಾತನಾಡುತ್ತದೆ, ಕೇಳುವವನು ಹೂಂಗುಟ್ಟುತ್ತಾನೆ. ಮುಂದಿನವನ ಮಾತನ್ನು ಹಿಂದಿನವರು ಎತ್ತಿಕೊಳ್ಳುವ ಗೀಗೀ ಪದಗಳನ್ನು ಬಯಲಿನಲ್ಲಿ ಕುಳಿತು ಕೇಳಿದ ನಮ್ಮ ವಾಚಕರಿಗೆ ಈ ಸವಾಲು ಜವಾಬಿನ ಸೊಗಸನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮಿಸಿಸಿಪಿಯ ಬಡ ಹುಡುಗರು ಮನೆಯ ಗೋಡೆಗೆ ಒಂದೇ ತಂತಿಯನ್ನು ಬಿಗಿದು ನುಡಿಸಿ ಕಲಿತರೆಂಬುದನ್ನು ಕೇಳಿದಾಗ, ನಮಗಂತೂ ನಮ್ಮ ತುಂತುಣಿಯ ನೆನಪಾಗುತ್ತದೆ.

ವಿದ್ಯುತ್ ಗಿಟಾರು ಬಂದ ಮೇಲೆ ಈ ಆತ್ಮೀಯತೆ ಕೆಟ್ಟಿತೆಂದು ಹೇಳುವುದುಂಟು. ಇತಿಹಾಸ ಹಾಗೆ ಹೇಳುವುದಿಲ್ಲ. ಮಡ್ಡಿ ವಾಟರ್ಸ್ ಎಂಬಾತ ಮಿಸಿಸಿಪಿಯ ಸ್ಟೋವಲ್ ತೋಟದಲ್ಲಿ ದುಡಿಯುತ್ತಿದ್ದಾಗ, 1941ರಲ್ಲಿ ಅಲನ್ ಲೋಮ್ಯಾಕ್ಸ್ ಬಂದು ಅವನ ಹಾಡನ್ನು ಅಮೆರಿಕೆಯ ಕಾಂಗ್ರೆಸ್ ಗ್ರಂಥಾಲಯಕ್ಕಾಗಿ ಮುದ್ರಿಸಿಕೊಂಡ. 1943ರಲ್ಲಿ ಆತ ಷಿಕಾಗೋ ನಗರಕ್ಕೆ ವಲಸೆ ಹೋದ. ಅಲ್ಲಿಯ ಹೆಂಡದಂಗಡಿಗಳ ಗದ್ದಲದಲ್ಲಿ ಮರದ ಗಿಟಾರಿನ ದನಿ ಯಾರಿಗೂ ಕೇಳಿಸದು. ಆದುದರಿಂದ ವಿದ್ಯುತ್ತಿನ ಗಿಟಾರನ್ನು ಹಿಡಿಯಬೇಕಾಯಿತು. ಎಂದ ಮೇಲೆ ಆ ದೊಡ್ಡ ದನಿ ಕಿರಿದಾದ, ಜನ ಕಿಕ್ಕಿರಿದ ಕೋಣೆಯಲ್ಲಿ ಹತ್ತಿರದವನಿಗೆ ಮಾತು ಮುಟ್ಟಿಸಲೆಂದು ಹುಟ್ಟಿದ ದನಿ. 1950ರಲ್ಲಿ ಆತ ‘ರೋಲಿನ್ ಸ್ಟೋನ್’ ಎಂಬ ಹಾಡನ್ನು ಮುದ್ರಿಸಿದಾಗ ಜೊತೆಗಿದ್ದುದು ಅವನ ಗಿಟಾರೊಂದೇ. ಸಾಲುಸಾಲಿನ ನಡುವಣ ಮೌನವೂ ಅದರಲ್ಲಿ ಒಂದು ವಾದ್ಯದಂತೆ ಕೇಳಿಸುತ್ತದೆ.

1958ರಲ್ಲಿ ಆತ ಇಂಗ್ಲೆಂಡಿಗೆ ಹೋದ. ಹಳ್ಳಿಯ ಮರದ ಗಿಟಾರನ್ನೇ ನಿರೀಕ್ಷಿಸಿದ್ದ ಕೆಲವರಿಗೆ ಅವನ ವಿದ್ಯುತ್ ಗಿಟಾರು ಕರ್ಕಶವೆನಿಸಿತು. ಅದನ್ನು ಮೆಚ್ಚಿದವರಲ್ಲಿ ಅಲೆಕ್ಸಿಸ್ ಕಾರ್ನರ್, ಸಿರಿಲ್ ಡೇವಿಸ್ ಎಂಬಿಬ್ಬರಿದ್ದರು. 1962ರ ಮಾರ್ಚಿ 17ರಂದು ಅವರು ಲಂಡನ್ನಿನ ಪಶ್ಚಿಮದ ಈಲಿಂಗಿನಲ್ಲಿ, ರೈಲು ನಿಲ್ದಾಣದ ಎದುರಿಗೆ ಚಹದಂಗಡಿಯೊಂದರ ಕೆಳಗಿನ ನೆಲಮಾಳಿಗೆಯಲ್ಲಿ, ತಮ್ಮ ಮೇಳದ ಕಛೇರಿಗಳನ್ನು ಆರಂಭಿಸಿದರು. ಜನರ ಉಸಿರಿನ ಆವಿ ಸೂರಿನಿಂದ ತೊಟ್ಟಿಕ್ಕುತ್ತಿದ್ದ ಸ್ಥಳ ಅದು. ಮಿಕ್ ಜಾಗರ್, ಕೀತ್ ರಿಚರ್ಡ್ಸ್ ಎಂಬ ಯುವಕರು ಬ್ರಯನ್ ಜೋನ್ಸನನ್ನು ಕಂಡದ್ದು ಅಲ್ಲಿಯೇ. ಅದೇ ವರ್ಷದ ಜುಲೈಯಲ್ಲಿ ಅವರು ಕಟ್ಟಿ ನಿಲ್ಲಿಸಿದ ಮೇಳ ಮಡ್ಡಿ ವಾಟರ್ಸನ ಹಾಡಿನಿಂದಲೇ ತನ್ನ ಹೆಸರನ್ನು ಪಡೆಯಿತು. ಬ್ಲೂಸ್ ರಾಕಿನ ಒಂದು ಮುಖ್ಯ ಬೇರು ಇಂಥ ಒದ್ದೆ ನೆಲಮಾಳಿಗೆಯಲ್ಲಿದೆ.

ಅನಂತರ ಸಭೆ ಬೆಳೆಯಿತು. ಸಭೆಯೊಡನೆ ಹಾಡೂ ಬೆಳೆಯಿತು. ಹಾಡು ಬೆಳೆದಷ್ಟೂ ರಸ ಬೆಳೆಯಿತೆ ಎಂಬುದು ವಿಮರ್ಶೆಯ ಪ್ರಶ್ನೆ. ವಿಲ್ಲಿ ಡಿಕ್ಸನ್ ರಚಿಸಿದ ‘ಸ್ಪೂನ್‌ಫುಲ್’ ಹಾಡನ್ನು 1960ರಲ್ಲಿ ಹೌಲಿನ್ ವುಲ್ಫ್ ಮೂರು ನಿಮಿಷಗಳೊಳಗೆ ಹಾಡಿ ಮುಗಿಸಿದ್ದಾನೆ. ಅದೇ ಹಾಡನ್ನು ‘ಕ್ರೀಮ್’ ಮೇಳದವರು 1968ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವಿಂಟರ್‌ಲ್ಯಾಂಡಿನಲ್ಲಿ, ಸಾವಿರಾರು ಜನರ ಎದುರಿಗೆ, ಹದಿನಾರು ನಿಮಿಷಗಳಿಗೂ ಮೀರಿ ಹಿಗ್ಗಿಸಿದರು. ಆ ಮೂವರ ಕೈಚಳಕದಲ್ಲಿ ನಮಗೆ ಸಂದೇಹವಿಲ್ಲ. ಡಿಕ್ಸನ್ನನ ಹೆಸರನ್ನು ಅವರು ಮರೆಸಲೂ ಇಲ್ಲ. ಆದರೆ ಅಲ್ಲಿ ಸಾಲಿಗೆ ಉತ್ತರ ಕೊಡಬೇಕಾದ ವಾದ್ಯ ತಾನೇ ಪ್ರಶ್ನೆಯನ್ನೂ ಕೇಳಿ ತಾನೇ ಉತ್ತರವನ್ನೂ ಹೇಳುತ್ತದೆ. ಹಾಡಿದವನ ನೋವು ಎಲ್ಲಿಯೋ ದೂರ ಉಳಿಯುತ್ತದೆ. ನಮ್ಮ ಆಲಂಕಾರಿಕರು ಔಚಿತ್ಯವೆಂದುದು ಇಲ್ಲಿ ತಪ್ಪಿತೆಂದೇ ನಮ್ಮ ಭಾವನೆ. ಮರೆವು ಇದಕ್ಕೂ ಮುಂದೆ ಹೋದುದುಂಟು. ‘ಲೆಡ್ ಜೆಪ್ಪೆಲಿನ್’ ಮೇಳ 1969ರಲ್ಲಿ ಹೊರತಂದ ‘ಹೋಲ್ ಲಾಟಾ ಲವ್’ ತನ್ನ ಹಾಡಿಗೆ ಋಣಿಯೆಂದು ಡಿಕ್ಸನ್ 1985ರಲ್ಲಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 1987ರಲ್ಲಿ ರಾಜಿಯಾಗಿ, ಮುಂದೆ ಆ ಹಾಡಿನ ಕರ್ತೃಗಳ ಸಾಲಿನಲ್ಲಿ ಅವನ ಹೆಸರೂ ಸೇರಿತು.

ಹಾಗಾದರೆ ಪರರ ದುಃಖವನ್ನು ಹಾಡುವ ಅಧಿಕಾರ ಪರರಿಗಿಲ್ಲವೆ? ಇಲ್ಲವೆನ್ನುವಷ್ಟು ಕಠಿಣರು ನಾವಲ್ಲ. 1965ರಲ್ಲಿ ಅಮೆರಿಕೆಯ ‘ಷಿಂಡಿಗ್’ ಎಂಬ ದೂರದರ್ಶನ ಕಾರ್ಯಕ್ರಮಕ್ಕೆ ರೋಲಿಂಗ್ ಸ್ಟೋನ್ಸ್ ಮೇಳಕ್ಕೆ ಆಹ್ವಾನ ಬಂದಾಗ, ಅವರು ಹೌಲಿನ್ ವುಲ್ಫನನ್ನೂ ಕರೆಯಿಸಿ, ಆತ ಹಾಡುತ್ತಿದ್ದಷ್ಟು ಹೊತ್ತು ತಾವು ಕೆಳಗೆ ಕುಳಿತು ಕೇಳಿದರು. ಸ್ವದೇಶದ ಬಿಳಿಯ ಶ್ರೋತೃಗಳಿಗೆ ಆ ಹಿರಿಯನ ಪರಿಚಯವಾದುದರಲ್ಲಿ ಈ ವಿದೇಶೀ ಹುಡುಗರ ಪಾಲೂ ಉಂಟು. ನಮ್ಮ ದೇಶದಲ್ಲಿಯೂ ಷಿಲ್ಲಾಂಗಿನ ‘ಸೋಲ್‌ಮೇಟ್’ ಮೇಳ 2003ರಲ್ಲಿ ಹುಟ್ಟಿ, 2007ರಲ್ಲಿ ಮೆಂಫಿಸಿನ ಅಂತರರಾಷ್ಟ್ರೀಯ ಬ್ಲೂಸ್ ಸ್ಪರ್ಧೆಯವರೆಗೆ ಹೋಗಿ ಬಂದಿತು. ಎರವಲು ತರುವುದು ದೋಷವಲ್ಲ; ಎರವಲೆಂಬುದನ್ನು ಮರೆಯುವುದು ದೋಷ.

ಆದುದರಿಂದ ಸಣ್ಣ ಭವನವೊಂದರಲ್ಲಿ ಇಂಥ ಕಛೇರಿ ನಡೆಯಲಿದೆಯೆಂದು ಓದಿದಾಗ, ಕೇಳಹೋಗುವವನು ಮೂರು ಸಂಗತಿಗಳನ್ನು ಗಮನಿಸಲಿ. ಹಾಡುವವನು ಸಾಲಿನ ಕೊನೆಗೆ ತೆರಪು ಬಿಡುವನೆ? ಹಾಡಿನ ಮೂಲ ಕರ್ತೃವಿನ ಹೆಸರನ್ನು ಸಭೆಗೆ ಹೇಳುವನೆ? ಹೇಳಬೇಕಾದುದನ್ನು ಹೇಳಿಯಾದ ಮೇಲೆ ನಿಲ್ಲಿಸಬಲ್ಲನೆ? ಹತ್ತಡಿ ದೂರದಲ್ಲಿ ಕುಳಿತವನ ಮುಖ ಕಾಣುವಾಗ ಈ ಮೂರನ್ನೂ ತಪ್ಪುವುದು ಕಷ್ಟ. ಅವನು ಬೇಸತ್ತರೆ ಹಾಡುವವನಿಗೆ ಅಲ್ಲಿಯೇ ತಿಳಿಯುತ್ತದೆ. ಕಿರುಸಭೆಯ ಹಿರಿಮೆ ಇದೇ. ಬಾಡಿಗೆಯ ಕೊಠಡಿ, ಎಣಿಸಬಹುದಾದಷ್ಟೇ ಕುರ್ಚಿಗಳು, ತಾವೇ ಹಾಸಿ ತಾವೇ ಸುತ್ತಿಡುವ ಜಮಖಾನೆ, ಇಷ್ಟರಲ್ಲಿಯೇ ಒಂದು ನುಡಿಯನ್ನು ಕಾಪಾಡಿಕೊಂಡು ಬಂದ ನಮ್ಮ ಸಂಘದವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾದ ಅಗತ್ಯವಿಲ್ಲ.