‘ಪರದೇಶಿ’ ಎಂಬ ಮಾತು ಮತ್ತು ನಮ್ಮ ಕಥನ

ಹರ್ತಿಯಂಥ ಗದಗ ಸೀಮೆಯ ಹಳ್ಳಿಗಳಲ್ಲಿ ‘ಪರದೇಶಿ’ ಎಂದರೆ ಬೇರೆ ದೇಶದವನಲ್ಲ, ದಿಕ್ಕಿಲ್ಲದವನು. ತಂದೆ-ತಾಯಿ ಇಲ್ಲದ ಕೂಸನ್ನು ಮರುಕದಿಂದ ಹಾಗೆ ಕರೆಯುತ್ತಾರೆ. ಸಿಟ್ಟು ಬಂದರೆ ಅದೇ ಬೈಗುಳ. ಅರಬ್ಬಿಯಲ್ಲಿ ‘ಗರೀಬ್’ ಎಂದರೆ ಪರಸ್ಥಳದವನು, ಉರ್ದುವಿನಲ್ಲಿ ಬಡವ. ಉರ್ದುವಿನ ‘ಗುರ್ಬತ್’ ಎಂಬ ಪದದಲ್ಲಂತೂ ತಾಯ್ನಾಡಿನಿಂದ ದೂರವಿರುವುದು ಮತ್ತು ಬಡತನ, ಈ ಎರಡು ಅರ್ಥಗಳೂ ಇವೆ. ಓದಲೆಂದು ವಿದೇಶಕ್ಕೆ ಹೋದವರ ಬಗ್ಗೆ ಕನ್ನಡದಲ್ಲಿ ಬಂದ ಬರಹಗಳನ್ನು ಈ ಮಾತುಗಳ ಪಕ್ಕದಲ್ಲಿಟ್ಟು ನೋಡಿದರೆ, ಅಲ್ಲಿ ದೂರವಿದೆ. ಬಡತನ ಮಾತ್ರ ಅಷ್ಟಾಗಿ ಕಾಣುವುದಿಲ್ಲ.

ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಪಡೆದು ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ‘ಸಂಸ್ಕಾರ’ವನ್ನು ಬರೆದರು. ಬರ್ಗ್‌ಮನ್‌ನ ‘ದಿ ಸೆವೆಂತ್ ಸೀಲ್’ ಚಿತ್ರವನ್ನು ನೋಡಿದ ಮೇಲೆ, ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಆಡಿದ ಮಾತಿನಿಂದ ಅದು ಹುಟ್ಟಿತೆಂಬುದು ಪ್ರಸಿದ್ಧ ಸಂಗತಿ. 1965ರಲ್ಲಿ ಪ್ರಕಟವಾದ ಆ ಕಾದಂಬರಿಯಲ್ಲಿ ಇಂಗ್ಲೆಂಡ್ ಇಲ್ಲವೇ ಇಲ್ಲ, ಅಗ್ರಹಾರವಿದೆ. ಪರದೇಶ ಅವರಿಗೆ ಊರನ್ನು ದೂರದಿಂದ ನೋಡುವ ಕಣ್ಣು ಕೊಟ್ಟಿತು.

ನಮ್ಮ ಭಾಗಕ್ಕೆ ಇನ್ನೂ ಹತ್ತಿರವಾದ ಕೃತಿ ಶಾಂತಿನಾಥ ದೇಸಾಯಿಯವರ ‘ವಿಕ್ಷೇಪ’ (1971). ಉತ್ತರ ಕರ್ನಾಟಕದ ಹಳ್ಳಿಯ ಹುಡುಗ ಇಂಗ್ಲಿಷ್ ಓದಲು ಮುಂಬೈಗೆ ಹೋಗುತ್ತಾನೆ, ಅಲ್ಲಿಂದ ಇಂಗ್ಲೆಂಡಿಗೆ. ಅವನಿಗೆ ಓದು ಎಂದರೆ ಸಂಪ್ರದಾಯದ ಮನೆಯಿಂದ ಪಾರಾಗುವ ದಾರಿ. ನವ್ಯದ ಕಾಲಕ್ಕೆ ಇದು ಪ್ರಾಮಾಣಿಕ ಚಿತ್ರವೇ. ಆದರೆ ಇಂದು ನಮ್ಮ ಹಳ್ಳಿಗಳಿಂದ ಹೊರಟವರಲ್ಲಿ ಅನೇಕರು ಮನೆಯಿಂದ ಪಾರಾಗಲು ಹೊರಟವರಲ್ಲ. ಮನೆಯೇ ಅವರನ್ನು ಕಳಿಸಿದೆ, ಡಾಕ್ಟರಾಗಿ ಮರಳಿ ಬರಲೆಂದು.

1997ರವರೆಗೆ ಗದಗ, ಹಾವೇರಿ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಆ ಹಾವೇರಿಯ ಚಳಗೇರಿಯ ಹುಡುಗ ನವೀನ ಗ್ಯಾನಗೌಡರ ಉಕ್ರೇನಿನ ಖಾರ್ಕಿವ್‌ನಲ್ಲಿ ನಾಲ್ಕನೆಯ ವರ್ಷದ ವೈದ್ಯಕೀಯ ಓದುತ್ತಿದ್ದ. ಪಿಯುಸಿಯಲ್ಲಿ ಶೇಕಡಾ 97 ಅಂಕ ಬಂದರೂ ಇಲ್ಲಿ ಸೀಟು ಸಿಗಲಿಲ್ಲವೆಂದು ಅವನ ತಂದೆ ಆಗ ಹೇಳಿದ್ದರು. 2022ರ ಮಾರ್ಚ್ 1ರಂದು, ಯುದ್ಧದ ನಡುವೆ ಆಹಾರ ತರಲು ಹೊರಬಂದವನು ಶೆಲ್ ದಾಳಿಗೆ ಬಲಿಯಾದ. ಮಾರ್ಚ್ 21ರಂದು ಊರಿಗೆ ಬಂದ ಅವನ ದೇಹವನ್ನು ಮನೆಯವರು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು. ವೈದ್ಯಕೀಯ ಓದಲು ಹೋದವನು ಕೊನೆಗೆ ಓದುವವರ ಪಾಠವಾದ.

‘ಅಷ್ಟು ದೂರ ಯಾಕೆ ಹೋಗಬೇಕಿತ್ತು?’ ಎಂದು ಆಗ ಕೇಳಿದವರು ನಮ್ಮ ನಡುವೆಯೇ ಇದ್ದರು. ಉಕ್ರೇನಿಗೆ ಹೋದ ಮಕ್ಕಳ ಬದುಕು ಕತೆಯಾಗಿ ಮೊದಲೇ ನಮ್ಮ ಓದಿಗೆ ಬಂದಿದ್ದರೆ ಈ ಪ್ರಶ್ನೆ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ. ತರಗತಿಯ ಪಾಠ ಇಂಗ್ಲಿಷಿನಲ್ಲಿ, ಆದರೆ ವಾರ್ಡಿನಲ್ಲಿ ಮಲಗಿರುವ ರೋಗಿ ನೋವು ಹೇಳುವುದು ಉಕ್ರೇನಿಯನ್ ಇಲ್ಲವೆ ರಷ್ಯನ್ ಭಾಷೆಯಲ್ಲಿ. ಓದು ಮುಗಿಸಿ ಬಂದರೂ ಇಲ್ಲಿ ಮತ್ತೊಂದು ಅರ್ಹತಾ ಪರೀಕ್ಷೆ ಪಾಸಾಗದೆ ವೈದ್ಯವೃತ್ತಿ ಮಾಡುವಂತಿಲ್ಲ. ಇತ್ತ ಎರೆಹೊಲದ ಉಳ್ಳಾಗಡ್ಡಿಯ ದರ ಬಿತ್ತೆಂದು ಡಾಲರಿನ ಲೆಕ್ಕದ ಫೀಸು ಇಳಿಯುವುದಿಲ್ಲ. ಫೋನಿನಲ್ಲಿ ಮಗಳು ‘ಉಂಡೆ’ ಎನ್ನುತ್ತಾಳೆ, ಅಪ್ಪ ‘ರೊಕ್ಕದ ಚಿಂತಿ ಮಾಡಬ್ಯಾಡ’ ಎನ್ನುತ್ತಾನೆ. ಇಬ್ಬರೂ ಕಷ್ಟವನ್ನು ಮುಚ್ಚಿಟ್ಟಿರುತ್ತಾರೆ. ಅದು ಇಬ್ಬರಿಗೂ ಗೊತ್ತು.

ನವ್ಯದ ನಾಯಕನಿಗೆ ತನ್ನೊಳಗೇ ಮಾತಾಡಿಕೊಳ್ಳುವ ಕಥನಕ್ರಮ ಸಾಕಾಗಿತ್ತು. ಈ ಅನುಭವಕ್ಕೆ ಅದು ಸಾಲದು. ಫೋನಿನ ಎರಡೂ ತುದಿಯಲ್ಲಿ ಕಿವಿಯಿಟ್ಟು, ಹಾಸ್ಟೆಲಿನ ಚಳಿಯನ್ನೂ ಊರಿನ ಸಾಲದ ಪುಸ್ತಕವನ್ನೂ ಒಂದೇ ಪುಟಕ್ಕೆ ತರುವ ಬರಹ ಬೇಕು. ದೇಸಾಯಿಯವರು ಹಳ್ಳಿಯಿಂದ ಇಂಗ್ಲೆಂಡಿನವರೆಗೆ ದಾರಿ ತೋರಿಸಿದ್ದಾರೆ. ಸಾಲ ಹೊತ್ತು ಅದೇ ದಾರಿ ಹಿಡಿದ ಮಕ್ಕಳ ಕತೆಯನ್ನು ಈ ಸೀಮೆಯ ಹೊಸ ಬರಹಗಾರರು, ಅದರಲ್ಲೂ ಹೋಗಿ ಬಂದ ಮಕ್ಕಳೇ, ಬರೆಯಲಿ ಎಂಬುದು ನಮ್ಮ ಆಸೆ.